ತುಟಿಯೊಳಗಿನ ಫಿಲ್ಲರ್ ಗಂಟು ಮಸಾಜಿಗೆ ಹೋಗುತ್ತಾ, ಕರಗಿಸಬೇಕಾ?

ಫಿಲ್ಲರ್ (ಉಬ್ಬಿ ತುಂಬಿಕೊಂಡ ಹಾಗೆ ಕಾಣ್ಲಿ ಅಂತ ಚರ್ಮದೊಳಗೆ ಚುಚ್ಚೋ ವಸ್ತು) ಹಾಕಿಸಿ ತಿಂಗಳಾದ್ರೂ ಗಂಟು ಕೈಗೆ ಸಿಗ್ತಿದೆ ಅಂತೀರಲ್ಲ, ಹಾಗಿದ್ರೆ ಮಸಾಜ್ ಮಾಡ್ಕೊಂಡು ಕೂರೋದ್ರಲ್ಲಿ ಅಷ್ಟೇನೂ ಪ್ರಯೋಜನ ಇಲ್ಲ. ಮೊದಲ ಎರಡು ವಾರದಲ್ಲಿ ಕಾಣೋದು ಬಹುಪಾಲು ಊತ, ಇಲ್ಲಾ ಸೂಜಿ ಚುಚ್ಚಿದ ಕಡೆ ಕಟ್ಕೊಂಡಿರೋ ರಕ್ತ, ಅದು ತಾನಾಗೇ ಇಳಿಯುತ್ತೆ. ಆಮೇಲೂ ಉಳಿದ್ರೆ ಡಾಕ್ಟರಿಗೆ ತೋರಿಸ್ಲೇಬೇಕು.

ಹೋಗೋ ಮುಂಚೆ ಒಂದು ವಿಷಯ ತಿಳ್ಕೊಳ್ಳಿ, ಒಳಗೆ ಹಾಕಿರೋದು ಯಾವ ಫಿಲ್ಲರ್? ಸಿರಿಂಜ್ ಡಬ್ಬಿಯಲ್ಲಿ ಬ್ಯಾಚ್ ನಂಬರ್ ಇರೋ ಸ್ಟಿಕ್ಕರ್ ಇರುತ್ತೆ, ಕ್ಲಿನಿಕ್‌ನವರು ಅದನ್ನ ನಿಮ್ಮ ಫೈಲಿಗೆ ಅಂಟಿಸಿರಬೇಕು, ಕೇಳಿ ಫೋಟೋ ತಗೊಳ್ಳಿ. ಯಾಕಂದ್ರೆ ಜುವೆಡರ್ಮ್, ರೆಸ್ಟಿಲೇನ್ ಥರದವು ಹೈಲುರಾನಿಕ್ ಆಸಿಡ್, ಅಂದ್ರೆ ನಮ್ಮ ಚರ್ಮದಲ್ಲೂ ಇರೋ ವಸ್ತುವಿನಿಂದ ಮಾಡಿದ್ದು, ಅದನ್ನ ಒಡೆಯೋ ಹೈಲುರಾನಿಡೇಸ್ ಅನ್ನೋ ಎನ್‌ಜೈಮ್ ಇಂಜೆಕ್ಷನ್ ಕೊಟ್ರೆ ಕರಗುತ್ತೆ. ರೇಡಿಯೆಸ್, ಸ್ಕಲ್ಪ್ಟ್ರಾ, ಸಿಲಿಕೋನ್ ಬೇರೆ ವಸ್ತುವಿನ ಫಿಲ್ಲರ್‌ಗಳು, ಇವಕ್ಕೆ ಅದು ಹತ್ತೋದೇ ಇಲ್ಲ, ಎಷ್ಟು ಚುಚ್ಚಿಸ್ಕೊಂಡ್ರೂ ದುಡ್ಡು ದಂಡ.

ನಂಗೆ ಆಗಿದ್ದು ಕಣ್ಣಿನ ಕೆಳಗೆ, ನೀಲಿಗಟ್ಟಿದ ಹಾಗೆ ಕಾಣೋ ಉಬ್ಬು, ಫಿಲ್ಲರ್ ಚರ್ಮದ ತೀರಾ ಮೇಲ್ಪದರದಲ್ಲಿ ಕೂತ್ರೆ ಹಾಗೇ ಕಾಣುತ್ತಂತೆ. ಹೈಲುರಾನಿಡೇಸ್ ಕೊಟ್ಟಾಗ ಚುರ್ ಅಂತು, ಅವತ್ತು ಊದ್ಕೊಂಡು ಮೊದಲಿಗಿಂತ ಅಸಹ್ಯ ಕಾಣ್ತಿತ್ತು, ಒಂದೆರಡು ದಿನದಲ್ಲಿ ಚಪ್ಪಟೆ ಆಯ್ತು. ಫಿಲ್ಲರ್ ಜೊತೆ ನಮ್ಮ ಸ್ವಂತ ಚರ್ಮನೂ ಕರಗಿ ಹೋಗುತ್ತೆ ಅಂತ ಹೆದರಿಸೋರು ತುಂಬಾ ಜನ, ದೇಹ ತನ್ನ ಹೈಲುರಾನಿಕ್ ಆಸಿಡ್ ಮತ್ತೆ ತಯಾರು ಮಾಡ್ಕೊಳ್ಳುತ್ತೆ ಬಿಡಿ. ಜೇನುನೊಣ ಕಚ್ಚಿದ್ರೆ ಅಲರ್ಜಿ ಆಗೋರು ಮಾತ್ರ ಮೊದಲೇ ಹೇಳಿ, ಅದರ ವಿಷದಲ್ಲೂ ಇದೇ ಎನ್‌ಜೈಮ್ ಇರೋದು.

ಗಂಟು ಕೆಂಪಗಿದೆಯಾ, ಬಿಸಿಯಿದೆಯಾ, ಮುಟ್ಟಿದ್ರೆ ನೋವಾ? ಹಾಗಿದ್ರೆ ಲೆಕ್ಕಾನೇ ಬೇರೆ. ಫಿಲ್ಲರ್ ಸುತ್ತ ಬ್ಯಾಕ್ಟೀರಿಯಾ ಪದರ ಕಟ್ಕೊಂಡಿರಬಹುದು, ಇದು ತಿಂಗಳುಗಟ್ಲೆ ಆದ್ಮೇಲೂ ಬರುತ್ತೆ, ಆಗ ಸಾಮಾನ್ಯವಾಗಿ ಆಂಟಿಬಯೋಟಿಕ್ ಮೊದಲು, ಕರಗಿಸೋದು ಆಮೇಲೆ. ಸೋಂಕಿಲ್ಲದೆ ಗಟ್ಟಿಯಾಗಿ ಕೂತಿರೋ ಗ್ರಾನ್ಯುಲೋಮಾ (ಫಿಲ್ಲರ್ ಹೊರಗಿನ ವಸ್ತು ಅಂತ ದೇಹ ಅದರ ಸುತ್ತ ಕಟ್ಟಿಕೊಳ್ಳೋ ಗಂಟು) ಆದ್ರೆ ಗಂಟಿನೊಳಗೇ ಸ್ಟೀರಾಯ್ಡ್, ಕೆಲವೊಮ್ಮೆ ಜೊತೆಗೆ ಫೈವ್ ಫ್ಲೋರೋಯುರಾಸಿಲ್ ಅನ್ನೋ, ಜೀವಕೋಶ ಬೆಳೆಯೋದನ್ನ ತಡೆಯೋ ಔಷಧ ಕೊಡ್ತಾರೆ, ಸ್ಟೀರಾಯ್ಡ್ ಡೋಸ್ ಜಾಸ್ತಿ ಆದ್ರೆ ಆ ಜಾಗದ ಚರ್ಮ ಸೊರಗಿ ಗುಳಿ ಬೀಳುತ್ತೆ, ಅದಕ್ಕೇ ಬ್ಯೂಟಿ ಪಾರ್ಲರ್‌ನಲ್ಲಿ ಯಾರೋ ಸ್ಟೀರಾಯ್ಡ್ ಕೊಡ್ತೀನಿ ಅಂದ್ರೆ ಎದ್ದು ಬನ್ನಿ. ಕೊನೆಗೆ ಕೊಯ್ದು ತೆಗೆಯೋದೂ ಇದೆ, ಕಲೆ ಉಳಿಯುತ್ತೆ.

ಇದನ್ನ ಓದ್ತಿರೋ ಬೇರೆಯವರಿಗೂ ಹೇಳ್ಬಿಡ್ತೀನಿ, ಫಿಲ್ಲರ್ ಹಾಕಿಸಿದ ಕೂಡ್ಲೇ ಅಥವಾ ಮರುದಿನ ಚರ್ಮ ಬಿಳಿಚ್ಕೊಂಡ್ರೆ, ಬಲೆ ಥರ ನೇರಳೆ ಗೆರೆ ಮೂಡಿದ್ರೆ, ಜೋರು ನೋವು ಬಂದ್ರೆ, ಕಣ್ಣು ಮಂಜಾದ್ರೆ ಅದು ಗಂಟಲ್ಲ, ರಕ್ತನಾಳ ಮುಚ್ಚಿರಬಹುದು, ಅಪಾಯಿಂಟ್‌ಮೆಂಟ್‌ಗೆ ಕಾಯದೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಓಡಿ.