ಮುಳುಗುವ ಮೊದಲೇ ಬಾವಿ ಉಪ್ಪಾಗುತ್ತೆ

"ಲಕ್ಷದ್ವೀಪ ಮುಳುಗೋಕೆ ಇನ್ನೂ ಎಷ್ಟೋ ವರ್ಷ ಇದೆಯಲ್ಲ, ಅಲ್ಲೀವರೆಗೆ ಅಲ್ಲಿನವರಿಗೇನು ತೊಂದರೆ?" ಅಂತ ಕೇಳಿದ್ದೀರಿ. ಮುಳುಗೋ ಲೆಕ್ಕ ಪಕ್ಕಕ್ಕಿಡಿ ಸಾರ್, ತೊಂದರೆ ಆಗಲೇ ಹೊಸ್ತಿಲು ದಾಟಿದೆ.

ಲಕ್ಷದ್ವೀಪದ ದಕ್ಷಿಣ ತುದಿಯ ಮಿನಿಕಾಯ್ ದ್ವೀಪ ನೋಡಿ. ಅಲ್ಲಿ ಟ್ಯೂನಾ ಮೀನನ್ನು ಗಾಳದ ಕೋಲಿನಿಂದ ಒಂದೊಂದಾಗಿ ಎತ್ತುವುದು ರೂಢಿ. ಅದಕ್ಕೂ ಮೊದಲು ಹವಳದ ನಡುವಿನ ಪುಟ್ಟ ಮೀನುಗಳನ್ನು ಜೀವಂತ ಹಿಡಿದು, ಕಡಲಿಗೆ ಎರಚಿ ಟ್ಯೂನಾ ಹಿಂಡನ್ನು ಕರೆಯಬೇಕು. 1998, 2010, 2016ರಲ್ಲಿ ನೀರು ಕಾದು ಹವಳ ಬಿಳುಚಿ ಬಹಳಷ್ಟು ಸತ್ತಿತು. ಆ ಪುಟ್ಟ ಮೀನು ಸಿಗದಿದ್ದರೆ ದೋಣಿ ಹೊರಟೂ ಪ್ರಯೋಜನವಿಲ್ಲ. ಹಿಡಿದದ್ದನ್ನು ಬೇಯಿಸಿ, ಹೊಗೆ ಹಾಕಿ, ಒಣಗಿಸಿ 'ಮಾಸ್' ಮಾಡಿದರೂ ಅದರ ಬೆಲೆ ನಿಂತಿರುವುದು ಹೊರಗಿನ ಮಾರುಕಟ್ಟೆಯ ಮೇಲೆ.

ಇನ್ನು ಕುಡಿಯುವ ನೀರು. ನದಿಯಿಲ್ಲ, ಮಳೆನೀರು ಮರಳಿನಡಿಯಲ್ಲಿ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುತ್ತಿರುತ್ತೆ. ಪಂಪು ಜಾಸ್ತಿ ಎಳೆದರೆ, ಅಲೆ ಒಳನುಗ್ಗಿದರೆ ಬಾವಿ ಕೆಡುತ್ತೆ. ರೆಸಾರ್ಟ್ ಹೆಚ್ಚಾದರೆ ಪಂಪೂ ಹೆಚ್ಚೇ ತಾನೆ? ಲಕ್ಷದ್ವೀಪದ ರಾಜಧಾನಿ ಕವರತ್ತಿಯಲ್ಲಿ 2005ರಿಂದ ಕಡಲ ನೀರನ್ನೇ ಸಿಹಿ ಮಾಡುವ ಘಟಕವಿದೆ.

ಹೊರಗಿನ ಮಾರುಕಟ್ಟೆ, ರೆಸಾರ್ಟ್ ಅಂತ ಜಾಗತೀಕರಣ ಒಂದನ್ನೇ ಬೈಯೋದು ನನಗೆ ಒಪ್ಪಿಗೆಯಿಲ್ಲ. ಅಮಿನಿ, ಕಡಮತ್ ಕಡೆಯ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲಾಡಳಿತದ ಕೆಳಗೇ ಇದ್ದವು. ತೆಂಗು, ಹುರಿ ಹೊತ್ತ ಹಾಯಿದೋಣಿಗಳು ಮಂಗಳೂರಿಗೆ ಬಂದು ಅಕ್ಕಿ ಒಯ್ಯುತ್ತಿದ್ದವು. ಹೊರಗಿನ ಅವಲಂಬನೆ ಹಳೇದೇ.

ಅಂದಹಾಗೆ, ಮುಳುಗಿದ್ದೂ ಇದೆ: ಬಂಗಾರಂ ದ್ವೀಪದ ಪಕ್ಕದ, ಜನವಸತಿಯಿಲ್ಲದ ಪರಲಿ-1 ದ್ವೀಪ ಕೊರೆತಕ್ಕೆ ಸಿಕ್ಕಿ ಈಗಿಲ್ಲ.