ಮೊದಲ ವಿಮರ್ಶೆ ಬರೆದವರು ನೋಡಿದ್ದು ಯಾವ ಪ್ರಿಂಟ್?

ಪ್ರಶ್ನೆ: ಇವತ್ತು ಶ್ರೇಷ್ಠ ಎನ್ನುವ ಎಷ್ಟೋ ಚಿತ್ರಗಳನ್ನು ಬಿಡುಗಡೆಯಾದಾಗ ವಿಮರ್ಶಕರು ಹಿಗ್ಗಾಮುಗ್ಗಾ ಬೈದಿದ್ದರಂತೆ. ಅವರಿಗೆ ಅರ್ಥವೇ ಆಗಲಿಲ್ಲವೆ?

ಉತ್ತರ: ಕೆಲವರಿಗೆ ಆಗಲಿಲ್ಲ, ನಿಜ. ಆದರೆ ಅವರನ್ನು ದೂರುವ ಮುಂಚೆ ಅವರು ನೋಡಿದ್ದು ಎಷ್ಟು ನಿಮಿಷದ ಪ್ರಿಂಟ್ (ತೆರೆಯ ಮೇಲೆ ಓಡಿಸುವ ಪ್ರತಿ) ಎಂದು ವಿಚಾರಿಸಬೇಕು. ಸ್ಟ್ಯಾನ್ಲಿ ಕುಬ್ರಿಕ್ ಅವರ ‘2001: ಎ ಸ್ಪೇಸ್ ಒಡಿಸ್ಸಿ’ 1968ರ ಏಪ್ರಿಲ್ ಮೊದಲ ವಾರ ತೆರೆಕಂಡಾಗ ಸುಮಾರು 161 ನಿಮಿಷವಿತ್ತು. ನ್ಯೂಯಾರ್ಕಿನ ಪತ್ರಿಕೆಗಳ ಮೊದಲ ವಿಮರ್ಶೆಗಳು ಆ ಪ್ರಿಂಟನ್ನು ಕುರಿತವು. ಕೆಲವೇ ದಿನಗಳಲ್ಲಿ ಕುಬ್ರಿಕ್ ಅವರೇ ಸುಮಾರು 19 ನಿಮಿಷ ತೆಗೆದುಹಾಕಿದರು. ನಾವು ನೋಡುತ್ತಿರುವುದು ಉಳಿದ 142 ನಿಮಿಷವನ್ನು. ‘ಬಹಳ ನಿಧಾನ’ ಎಂದು ಅಂದು ಬರೆದವರನ್ನು ಇಂದಿನ ಪ್ರಿಂಟ್ ಹಿಡಿದು ಅಳೆಯುವುದು ನ್ಯಾಯವಲ್ಲ. ಹಾಗೆಂದು ಎಲ್ಲವನ್ನೂ ಕತ್ತರಿಯ ಲೆಕ್ಕಕ್ಕೆ ಹಾಕಲೂ ಆಗದು. ಅಮೆರಿಕದ ವಿಮರ್ಶಕಿ ಪಾಲಿನ್ ಕೇಲ್ ಅದನ್ನು ಕಲ್ಪನೆಯೇ ಇಲ್ಲದ ಚಿತ್ರವೆಂದು ಜರೆದದ್ದು 1969ರಲ್ಲಿ, ಗಡಿಬಿಡಿಯೆಲ್ಲ ಮುಗಿದ ಮೇಲೆ. ಅದು ಅವರ ಯೋಚಿಸಿದ ಅಭಿಪ್ರಾಯ. ಒಪ್ಪದಿದ್ದರೂ ಓದಬೇಕಾದ ಬರಹ.

ಇದಕ್ಕಿಂತ ನೋವಿನ ಪ್ರಸಂಗ ಝಾನ್ ರೆನ್ವಾರ್ ಅವರ ‘ದಿ ರೂಲ್ಸ್ ಆಫ್ ದಿ ಗೇಮ್’ ಚಿತ್ರದ್ದು. 1939ರ ಜುಲೈನಲ್ಲಿ ಪ್ಯಾರಿಸ್ಸಿನ ಪ್ರೇಕ್ಷಕರು ಕೂಗಾಡಿ ಗಲಾಟೆ ಮಾಡಿದರು. ಹೆದರಿದ ರೆನ್ವಾರ್ ಕತ್ತರಿಸುತ್ತ ಹೋಗಿ ಚಿತ್ರವನ್ನು ಒಂದೂವರೆ ಗಂಟೆಗಿಂತ ಕಡಿಮೆ ಮಾಡಿದರು. ಕತ್ತರಿ ಬಿದ್ದದ್ದು ಹೆಚ್ಚಾಗಿ ಅವರೇ ನಟಿಸಿದ್ದ ಆಕ್ಟೇವ್ ಪಾತ್ರಕ್ಕೆ. ಕಥೆಯ ಎಳೆಗಳನ್ನೆಲ್ಲ ಕೂಡಿಸುವವನು ಆತ. ಅವನ ದೃಶ್ಯಗಳು ಹೋದಂತೆ ಉಳಿದವರ ನಡವಳಿಕೆಗೂ ಕಾರಣ ಸಿಗದಾಯಿತು. ಗಲಾಟೆ ತಗ್ಗಿಸಲು ಮಾಡಿದ ಕತ್ತರಿಯೇ ‘ತಲೆಬುಡವಿಲ್ಲ’ ಎಂಬ ದೂರನ್ನು ನಿಜ ಮಾಡಿತು. ಕೆಲವೇ ತಿಂಗಳಲ್ಲಿ ಸರ್ಕಾರ ಚಿತ್ರವನ್ನು ನಿಷೇಧಿಸಿತು, ಯುದ್ಧದ ಬಾಂಬ್ ದಾಳಿಯಲ್ಲಿ ನೆಗೆಟಿವ್ ನಾಶವಾಯಿತು. ಸಿಕ್ಕಿದ ಚೂರುಗಳನ್ನೆಲ್ಲ ಜೋಡಿಸಿ ರೆನ್ವಾರ್ ಅವರ ಒಪ್ಪಿಗೆಯೊಂದಿಗೆ 106 ನಿಮಿಷದ ರೂಪ ಬಂದದ್ದು 1959ರಲ್ಲಿ. 1972ರಲ್ಲಿ ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆಯ ವಿಮರ್ಶಕರ ಮತದಾನದಲ್ಲಿ ಎರಡನೆಯ ಸ್ಥಾನಕ್ಕೇರಿದ್ದು ಈ ಜೋಡಿಸಿದ ರೂಪ, 1939ರಲ್ಲಿ ಬೈಸಿಕೊಂಡದ್ದಲ್ಲ.

ಪ್ರಶ್ನೆ: ‘ಸಿಟಿಜನ್ ಕೇನ್’ ಕೂಡ ಮೊದಲಿಗೆ ವಿಮರ್ಶಕರಿಂದ ಛೀಮಾರಿ ಹಾಕಿಸಿಕೊಂಡಿತ್ತೆ?

ಉತ್ತರ: ಇಲ್ಲ. 1941ರಲ್ಲಿ ಅದಕ್ಕೆ ಒಳ್ಳೆಯ ವಿಮರ್ಶೆಗಳೇ ಬಂದವು, ನ್ಯೂಯಾರ್ಕ್ ವಿಮರ್ಶಕರ ಬಳಗ ಅದನ್ನೇ ಆ ವರ್ಷದ ಅತ್ಯುತ್ತಮ ಚಿತ್ರವೆಂದು ಆರಿಸಿತು. ಸೋತದ್ದು ಗಲ್ಲಾಪೆಟ್ಟಿಗೆಯಲ್ಲಿ. ಚಿತ್ರದ ನಾಯಕ ತಮ್ಮನ್ನೇ ಹೋಲುತ್ತಾನೆಂದು ಸಿಟ್ಟಾಗಿದ್ದ ಪತ್ರಿಕೋದ್ಯಮಿ ಹರ್ಸ್ಟ್ ಅವರ ಪತ್ರಿಕೆಗಳು ಜಾಹೀರಾತನ್ನೂ ಹಾಕಲಿಲ್ಲ. ವ್ಯಾಪಾರದ ಸೋಲನ್ನೂ ವಿಮರ್ಶೆಯ ಸೋಲನ್ನೂ ಕಲಸಿಬಿಡುವುದರಿಂದ ಹುಟ್ಟಿದ ತಪ್ಪು ಕಲ್ಪನೆ ಇದು.

ಪ್ರಶ್ನೆ: ತಪ್ಪಾಯಿತೆಂದು ಒಪ್ಪಿಕೊಂಡ ವಿಮರ್ಶಕರು ಇದ್ದಾರೆಯೆ?

ಉತ್ತರ: ಇದ್ದಾರೆ, ಅವರ ಬಗ್ಗೆ ನಮಗೆ ತುಂಬು ಗೌರವವಿದೆ. ‘ಬಾನಿ ಅಂಡ್ ಕ್ಲೈಡ್’ (1967) ಚಿತ್ರವನ್ನು ‘ನ್ಯೂಸ್‌ವೀಕ್’ನಲ್ಲಿ ಟೀಕಿಸಿದ್ದ ಜೋ ಮಾರ್ಗನ್‌ಸ್ಟರ್ನ್, ಟಿಕೆಟ್ ಕೊಂಡ ಜನರ ನಡುವೆ ಕೂತು ಮತ್ತೆ ನೋಡಿದರು. ಮರುವಾರವೇ ಅದೇ ಪತ್ರಿಕೆಯಲ್ಲಿ ಮೊದಲ ವಿಮರ್ಶೆಯನ್ನು ಹಿಂತೆಗೆದುಕೊಂಡರು. ‘ನ್ಯೂಯಾರ್ಕ್ ಟೈಮ್ಸ್’ನ ಬಾಸ್ಲಿ ಕ್ರೌದರ್ ಮಾತ್ರ ಮತ್ತೆ ಮತ್ತೆ ಬರೆದು ವಿರೋಧಿಸಿದರು. ಅದೇ ಕ್ರೌದರ್ 1960ರಲ್ಲಿ ‘ಸೈಕೊ’ವನ್ನು ಮೊದಲು ಹಗುರವಾಗಿ ಕಂಡು, ವರ್ಷದ ಕೊನೆಗೆ ತಮ್ಮ ಹತ್ತು ಉತ್ತಮ ಚಿತ್ರಗಳ ಪಟ್ಟಿಗೆ ಸೇರಿಸಿಕೊಂಡಿದ್ದರು. ‘ಸೈಕೊ’ಗೆ ಹಿಚ್‌ಕಾಕ್ ಮುಂಗಡ ಪ್ರೆಸ್ ಶೋ ಇಡಲಿಲ್ಲ, ವಿಮರ್ಶಕರೂ ಜನರ ಜೊತೆಗೇ ನೋಡಬೇಕಾಯಿತು. ಆ ಕಿರಿಕಿರಿ ಕೆಲವು ಬರಹಗಳಲ್ಲಿ ಕಾಣುತ್ತದೆ. ಅದೇ ವರ್ಷ ಬ್ರಿಟನ್ನಿನಲ್ಲಿ ಮೈಕಲ್ ಪವೆಲ್ ಅವರ ‘ಪೀಪಿಂಗ್ ಟಾಮ್’ ಚಿತ್ರವನ್ನು ಪತ್ರಿಕೆಗಳು ಹರಿದು ಹಾಕಿದವು, ನಿರ್ದೇಶಕರ ವೃತ್ತಿಗೇ ದೊಡ್ಡ ಪೆಟ್ಟು ಬಿತ್ತು. ಹಾಗೆ ಬರೆದವರಲ್ಲೊಬ್ಬರಾದ ಡಿಲಿಸ್ ಪವೆಲ್ (ಅವರಿಗೂ ನಿರ್ದೇಶಕರಿಗೂ ಸಂಬಂಧವಿಲ್ಲ) ಅಚ್ಚಿನಲ್ಲಿ ಕ್ಷಮೆ ಕೇಳಿದ್ದು 1994ರಲ್ಲಿ. ನಿರ್ದೇಶಕರು ತೀರಿಕೊಂಡು ಆಗಲೇ ನಾಲ್ಕು ವರ್ಷ.

ಪ್ರಶ್ನೆ: ಮೂಲ ವಿಮರ್ಶೆಗಳನ್ನು ನಾನೇ ಹುಡುಕಿ ಓದಬೇಕು. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ತಾರೀಖು. ಚಿತ್ರ ಯಾವ ಊರಿನಲ್ಲಿ ಎಂದು ತೆರೆಕಂಡಿತು ಎಂದು ಬರೆದಿಟ್ಟುಕೊಳ್ಳಿ. ‘ಪಥೇರ್ ಪಾಂಚಾಲಿ’ ಕಲ್ಕತ್ತೆಯಲ್ಲಿ ಬಂದದ್ದು 1955ರಲ್ಲಿ, ನ್ಯೂಯಾರ್ಕಿನ ಚಿತ್ರಮಂದಿರಕ್ಕೆ 1958ರಲ್ಲಿ. ಅಮೆರಿಕದ ವಿಮರ್ಶೆಯನ್ನು ‘ಮೊದಲ ಪ್ರತಿಕ್ರಿಯೆ’ ಎಂದರೆ ಮೂರು ವರ್ಷ ತಪ್ಪಿದಂತೆ. ದಿನಪತ್ರಿಕೆಯಾದರೆ ಬಿಡುಗಡೆಯ ಮರುದಿನದಿಂದ ಒಂದು ವಾರದ ಸಂಚಿಕೆಗಳನ್ನು ನೋಡಿ, ಮಾಸಪತ್ರಿಕೆಯಾದರೆ ಮುಂದಿನ ಎರಡು ತಿಂಗಳು.

ಹಳೆಯ ಅಮೆರಿಕನ್ ಸಿನಿಮಾ ಪತ್ರಿಕೆಗಳ ಸ್ಕ್ಯಾನ್ ‘ಮೀಡಿಯಾ ಹಿಸ್ಟರಿ ಡಿಜಿಟಲ್ ಲೈಬ್ರರಿ’ಯಲ್ಲಿ ಉಚಿತ. ಅಲ್ಲಿ ಚಿತ್ರದ ಹೆಸರೊಂದನ್ನೇ ಹಾಕಿ ಹುಡುಕಿ ಕೈಬಿಡಬೇಡಿ. ಸವೆದ ಅಕ್ಷರಗಳನ್ನು ಯಂತ್ರ ತಪ್ಪಾಗಿ ಓದಿರುತ್ತದೆ. ನಟರ ಹೆಸರು, ನಿರ್ದೇಶಕರ ಹೆಸರು ಹಾಕಿಯೂ ನೋಡಿ. ಪೋಸ್ಟರಿನ ಮೇಲಿನ ಹೊಗಳಿಕೆಯನ್ನು ವಿಮರ್ಶೆ ಎಂದು ಎಣಿಸಬೇಡಿ, ನಡುವೆ ಮೂರು ಚುಕ್ಕಿ (ಮಾತು ಬಿಟ್ಟಿರುವ ಗುರುತು) ಕಂಡರಂತೂ ಮೂಲ ಹುಡುಕಲೇಬೇಕು. ಜಾಲತಾಣಗಳ ಶೇಕಡಾವಾರು ಅಂಕವೂ ಇದಕ್ಕೆ ಉಪಯೋಗವಿಲ್ಲ. 1958ರ ಚಿತ್ರದ ಅಂಕದಲ್ಲಿ 2000ದ ನಂತರ ಬರೆದ ವಿಮರ್ಶೆಗಳೂ ಬೆರೆತಿರುತ್ತವೆ.

ವಿಮರ್ಶೆ ಸಿಕ್ಕ ಮೇಲೆ ಅದರಲ್ಲಿ ಅಚ್ಚಾದ ಅವಧಿಯನ್ನು ನಿಮ್ಮ ಪ್ರಿಂಟಿನ ಜೊತೆ ಹೋಲಿಸಿ. ಬ್ರಿಟನ್ನಿನ ‘ಮಂತ್ಲಿ ಫಿಲ್ಮ್ ಬುಲೆಟಿನ್’ (1934–1991) ಉದ್ದವನ್ನು ಅಡಿಗಳಲ್ಲಿ ಕೊಡುತ್ತಿತ್ತು. 35 ಎಂಎಂ ಫಿಲ್ಮಿನ ಒಂದು ಅಡಿಗೆ 16 ಫ್ರೇಮ್ (ಬಿಡಿ ಚಿತ್ರ), ಸೆಕೆಂಡಿಗೆ 24 ಫ್ರೇಮ್ ಓಡಿದರೆ ನಿಮಿಷಕ್ಕೆ 90 ಅಡಿ. ಅಂದರೆ 9,000 ಅಡಿ ಎಂದಿದ್ದರೆ 100 ನಿಮಿಷ. 450 ಅಡಿ ಕಡಿಮೆ ಇದ್ದರೆ ಐದು ನಿಮಿಷ ಹೋಗಿದೆ, ಎಲ್ಲಿ ಹೋಯಿತೆಂದು ಹುಡುಕಬೇಕು. ಮೂಕಿಚಿತ್ರಗಳಿಗೆ ಈ ಲೆಕ್ಕ ನಡೆಯದು. ಅವನ್ನು ಬೇರೆ ಬೇರೆ ವೇಗದಲ್ಲಿ ಓಡಿಸುತ್ತಿದ್ದರು. ಸೆಕೆಂಡಿಗೆ 16 ಫ್ರೇಮ್ ಆದರೆ ನಿಮಿಷಕ್ಕೆ 60 ಅಡಿ ಮಾತ್ರ, ಅದೇ 9,000 ಅಡಿಗೆ 150 ನಿಮಿಷ ಬೇಕು. ಹಾಗಾಗಿ ಮೂಕಿಚಿತ್ರವಾದರೆ ನಿಮಿಷವನ್ನು ಬದಿಗಿಟ್ಟು ಅಡಿಯನ್ನು ಅಡಿಯ ಜೊತೆಗೇ ಹೋಲಿಸಿ.