ಫೋಟೋಗ್ರಫಿಲಿ ನಮ್ಮದೇ ಸ್ಟೈಲ್ ಅನ್ನೋದು ಎಲ್ಲಿಂದ ಬರುತ್ತೆ?

ನಿಮ್ಮ ಪ್ರಶ್ನೆ ನಂಗೆ ಅರ್ಥ ಆಗಿದ್ದು ಇಷ್ಟು. ಅರಸೀಕೆರೆ ಕಡೆ ಮದುವೆ, ನಾಮಕರಣ, ಗೃಹಪ್ರವೇಶ ಅಂತ ಫೋಟೋ ಹೊಡೀತಿದೀರ, ಕೆಲಸಕ್ಕೇನೂ ಬರ ಇಲ್ಲ, ಆದ್ರೆ ನಿಮ್ಮ ಆಲ್ಬಂನೂ ಪಕ್ಕದ ಸ್ಟುಡಿಯೋದವರ ಆಲ್ಬಂನೂ ಹೆಸರು ಮುಚ್ಚಿ ಮುಂದೆ ಇಟ್ರೆ ಯಾವುದು ಯಾರದ್ದು ಅಂತ ನಿಮಗೇ ಗೊತ್ತಾಗಲ್ಲ. ಅದಕ್ಕೆ ಒಳ್ಳೆ ಪ್ರಿಸೆಟ್ ಪ್ಯಾಕ್ (ಒಂದೇ ಕ್ಲಿಕ್ಕಲ್ಲಿ ಫೋಟೋ ಬಣ್ಣ ಬದಲಾಯಿಸೋ ರೆಡಿಮೇಡ್ ಸೆಟ್ಟಿಂಗ್) ತಗೊಳ್ಳೋದಾ, ಇಲ್ಲ ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾಗೆ ಹೋಗೋದಾ ಅಂತ ಕೇಳಿದೀರ.

ಎರಡೂ ಬೇಡ.

ಕ್ಯಾಮೆರಾ ಈಗಿರೋದೇ ಸಾಕು. ಕ್ರಾಪ್ ಸೆನ್ಸರ್, ಅಂದ್ರೆ ಸಣ್ಣ ಸೆನ್ಸರಿಂದು ಆಗಿದ್ರೆ 23 ಇಲ್ಲ 24 ಎಂಎಂ ಪ್ರೈಮ್ (ಜೂಮ್ ಇಲ್ಲದ ಲೆನ್ಸ್) ಒಂದು ಹಾಕ್ಕೊಳ್ಳಿ, ಫುಲ್ ಫ್ರೇಮಲ್ಲಿ 35 ಎಂಎಂ ಎಷ್ಟು ಕಾಣುತ್ತೋ ಹೆಚ್ಚುಕಮ್ಮಿ ಅಷ್ಟೇ ಕಾಣುತ್ತೆ. ಕೈಲಿ ದುಡ್ಡು ಮಿಕ್ಕಿದ್ರೆ ಲೆನ್ಸಿಗೆ ತೇವ ತಗಲದ ಹಾಗೆ ಇಡೋ ಡ್ರೈ ಕ್ಯಾಬಿನೆಟ್ ತಗೊಂಡು ಒಳಗೆ ಹ್ಯುಮಿಡಿಟಿ 40ರಿಂದ 50 ಪರ್ಸೆಂಟ್ ಇರೋ ಹಾಗೆ ನೋಡ್ಕೊಳ್ಳಿ. ಅರಸೀಕೆರೆ ಒಣ ಸೀಮೆ, ನಿಮಗೆ ಅಷ್ಟು ಗೊತ್ತಾಗದೇ ಇರಬಹುದು, ಆದ್ರೆ ಸಕಲೇಶಪುರ, ಮೂಡಿಗೆರೆ ಕಡೆ ಮಳೆಗಾಲ ಪೂರ್ತಿ ಓಡಾಡೋಕೆ ಶುರು ಮಾಡಿದ್ರೆ ಲೆನ್ಸ್ ಒಳಗೆ ಫಂಗಸ್ ಬಿಳಿ ಎಳೆ ಎಳೆಯಾಗಿ ಕೂತುಬಿಡುತ್ತೆ, ಆಮೇಲೆ ಅದನ್ನ ಬಿಚ್ಚಿ ಕ್ಲೀನ್ ಮಾಡಿಸೋ ಖರ್ಚಲ್ಲಿ ಇನ್ನೊಂದು ಲೆನ್ಸ್ ನೆನಪಾಗುತ್ತೆ.

ಪ್ರಿಸೆಟ್ ಯಾಕೆ ಬೇಡ ಅಂದ್ರೆ, ಅದನ್ನ ಮಾಡಿದೋರು ಎಲ್ಲೋ ಬೇರೆ ಬೆಳಕಲ್ಲಿ, ಬೇರೆ ಮೈಬಣ್ಣ ನೋಡಿ ಮಾಡಿರ್ತಾರೆ. ಈಗ ಎಲ್ಲರೂ ಹಾಕೋ ಆ ಮಬ್ಬು ಮಬ್ಬಾದ "ಮೂಡಿ" ಪ್ರಿಸೆಟ್ ಇದೆಯಲ್ಲ, ಅದು ಹಸಿರನ್ನೆಲ್ಲ ಎಳೆದು ಕಂದು ಮಾಡುತ್ತೆ. ಬಿಸಿಲೆ ಘಾಟಿಯ ಹಸಿರನ್ನ ಕಂದು ಮಾಡ್ಕೊಳ್ಳೋಕೆ ನಾವು ದುಡ್ಡು ಬೇರೆ ಕೊಡ್ಬೇಕಾ? ಅರಿಶಿನ ಮಂಕಾಗುತ್ತೆ, ಕುಂಕುಮ ಇಟ್ಟಿಗೆ ಬಣ್ಣಕ್ಕೆ ಹೋಗುತ್ತೆ, ಮುಖ ಕಿತ್ತಳೆ ಆಗುತ್ತೆ. ಅದು ಸಾಲದು ಅಂತ ಆಲ್ಬಂ ಡಿಸೈನ್ ಮಾಡೋರು ಎಣ್ಣೆಗಪ್ಪು ಹುಡುಗಿ ಮುಖಕ್ಕೆ ಬಿಳಿ ಬಳಿದು ಕಳಿಸ್ತಾರೆ, ಕತ್ತು ಒಂದು ಬಣ್ಣ, ಕೈ ಇನ್ನೊಂದು ಬಣ್ಣ. ಅದನ್ನ ಕಂಡ್ರೆ ನಂಗೆ ಆಗಲ್ಲ, ಅಷ್ಟೇ.

ಬಣ್ಣ ಏನಿದ್ರೂ ಕೊನೆ ಕೆಲಸ. ಎಲ್ಲಿ ನಿಲ್ತೀರ, ಎಷ್ಟು ದೂರದಲ್ಲಿ ನಿಲ್ತೀರ, ಫ್ರೇಮ್ ಒಳಗೆ ಏನನ್ನ ಬಿಟ್ಕೊಳ್ತೀರ, ಎಷ್ಟೊತ್ತು ಕಾಯ್ತೀರ, ನೋಡೋರು ಇದು ಇವನ ಫೋಟೋ ಅಂತ ಗುರುತು ಹಿಡಿಯೋದು ಇದರಿಂದ. ಚನ್ನರಾಯಪಟ್ಟಣ ತಾಲೂಕಿನ ನುಗ್ಗೇಹಳ್ಳಿ ಲಕ್ಷ್ಮೀನರಸಿಂಹ ದೇವಸ್ಥಾನ ನೋಡಿದೀರಾ? ಬೇಲೂರು ಹಳೇಬೀಡಿಗೆ ಎಲ್ಲರೂ ಹೋಗ್ತಾರೆ, ಅಲ್ಲಿಗೆ ಜನ ಕಮ್ಮಿ. 1246ರಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ್ದು. ಹೊರಗೋಡೆಯ ವಿಗ್ರಹಗಳಲ್ಲಿ ಒಂದು ಕಡೆ ಹೆಚ್ಚಾಗಿ ಬೈಚೋಜನ ಕೆಲಸ, ಇನ್ನೊಂದು ಕಡೆ ಮಲ್ಲಿತಮ್ಮನ ಕೆಲಸ, ಹೊಯ್ಸಳರ ಶಿಲ್ಪಿಗಳು ತಮ್ಮ ಹೆಸರು ಕೆತ್ತಿ ಹೋಗ್ತಿದ್ರು ಅನ್ನೋದರಿಂದ ನಮಗೆ ಇಷ್ಟೆಲ್ಲ ಗೊತ್ತು. ಇಬ್ಬರಿಗೂ ಸಿಕ್ಕಿದ್ದು ಅದೇ ಬಳಪದ ಕಲ್ಲು, ಅದೇ ದೇವರುಗಳು, ಶಂಖ ಯಾವ ಕೈಲಿ ಚಕ್ರ ಯಾವ ಕೈಲಿ ಅನ್ನೋದೂ ಶಾಸ್ತ್ರದಲ್ಲಿ ಮೊದಲೇ ಹೇಳಿದೆ, ಅಂದ್ರೆ ಇವತ್ತಿನ ಮದುವೆ ಆರ್ಡರ್ ಗಿಂತ ಬಿಗಿಯಾದ ಆರ್ಡರ್ ಅದು. ಆದ್ರೂ ನಿಧಾನವಾಗಿ ಸುತ್ತು ಹಾಕಿದ್ರೆ ಎಲ್ಲೋ ಒಂದು ಕಡೆ ಕೈ ಬದಲಾಗಿದ್ದು ಕಣ್ಣಿಗೆ ತಟ್ಟುತ್ತೆ. ಹಾಗಾಗಿ ಧಾರೆ, ಊಟ, ಗ್ರೂಪ್ ಫೋಟೋ ಎಲ್ಲಾ ಫಿಕ್ಸ್ ಆಗಿರುತ್ತೆ ಸಾರ್, ನಾವೇನು ಮಾಡೋಕಾಗುತ್ತೆ ಅನ್ನೋ ಮಾತು ನಾನು ಒಪ್ಪಲ್ಲ.

ಆದ್ರೆ ಮದುವೆ ಮಂಟಪ ಕಲಿಯೋ ಜಾಗ ಅಲ್ಲ. ಅಲ್ಲಿ ಪುರೋಹಿತರು ಒಂದು ಕಡೆ, ವಿಡಿಯೋದವರ ಲೈಟು ಒಂದು ಕಡೆ, ಹಿಂದೆ ಮೊಬೈಲ್ ಎತ್ತಿಕೊಂಡ ಚಿಕ್ಕಪ್ಪಂದಿರು. ಕಲಿಯೋಕೆ ಒಳ್ಳೆ ಜಾಗ ಅಂದ್ರೆ ಜನರ ಮನೆ. ಮದುವೆ ಸೀಸನ್ ಇಲ್ಲದಾಗ ನಾನು ಮಾಡೋದು ಇದೇ, ಗೌರಿ ಗಣೇಶನೋ ದೀಪಾವಳಿನೋ ಬಂದಾಗ ಬೆಂಗಳೂರಲ್ಲಿರೋ ಮಕ್ಕಳು ಮೊಮ್ಮಕ್ಕಳೆಲ್ಲ ಊರಿಗೆ ಬಂದಿರ್ತಾರಲ್ಲ, ಆಗ ಅವರ ಮನೆಗೇ ಹೋಗಿ ಫ್ಯಾಮಿಲಿ ಫೋಟೋ ಮಾಡೋದು. ಮೊದಲು ಕೇಳೋರೆಲ್ಲ ಹೊರಗೆ ಹೋಗೋಣ ಅಂತಾರೆ, ಗೊರೂರು ಹಿನ್ನೀರಿನ ಶೆಟ್ಟಿಹಳ್ಳಿ ಚರ್ಚ್, ಮಂಜ್ರಾಬಾದ್ ಕೋಟೆ, ಇಲ್ಲಾಂದ್ರೆ ಯಾವುದಾದ್ರೂ ಎಸ್ಟೇಟ್. ಚೆನ್ನಾಗಿರೋ ಜಾಗಗಳೇ, ಆದ್ರೆ ಆ ಜಾಗನೇ ಫೋಟೋ ಮಾಡಿಬಿಡುತ್ತೆ. ಮುಳುಗಿ ಎದ್ದ ಆ ಚರ್ಚ್ ಗೋಡೆ ಮುಂದೆ ಯಾರು ಯಾರನ್ನ ನಿಲ್ಲಿಸಿ ಹೊಡೆದ್ರೂ ಒಂದೇ ಫೋಟೋ ಬರುತ್ತೆ. ಮನೇಲಿ ಹಾಗಲ್ಲ, ಒರಗಿಕೊಳ್ಳೋಕೆ ಏನೂ ಇರಲ್ಲ, ನೀವೇ ಹುಡುಕ್ಬೇಕು.

ನಮ್ಮ ಕಡೆ ಹಳೆ ಮನೆಗಳ ಒಳಗೆ ಬೆಳಕು ಕಮ್ಮಿ ಅಂತ ಎಲ್ಲರೂ ಹೆದರಿ ಫ್ಲ್ಯಾಶ್ ಹಾಕ್ತಾರೆ. ಹಾಕ್ಬೇಡಿ. ತೊಟ್ಟಿ ಮನೆ ಆದ್ರೆ ಮೇಲಿಂದ ಆಕಾಶದ ಬೆಳಕು ಮೆತ್ತಗೆ ಇಳೀತಿರುತ್ತೆ, ತೊಟ್ಟಿ ಅಂಚಿನ ಕಂಬದ ಹತ್ರ ಜನರನ್ನ ಕೂರಿಸಿದ್ರೆ ಬೆಳಕು ಮೆತ್ತಗೆ ಮಾಡೋ ಯಾವ ಸಾಫ್ಟ್ ಬಾಕ್ಸೂ ಬೇಡ. ಬೇರೆ ಮನೆ ಆದ್ರೆ ಒಂದು ಕಿಟಕಿ ಇಲ್ಲ ಹಿತ್ತಿಲ ಬಾಗಿಲು ಆರಿಸ್ಕೊಂಡು ಮೊದಲು ಟ್ಯೂಬ್ ಲೈಟು, ಎಲ್ಇಡಿ ಬಲ್ಬು ಎಲ್ಲಾ ಆಫ್ ಮಾಡಿಸಿ, ಇಲ್ಲಾಂದ್ರೆ ಮುಖದ ಅರ್ಧಕ್ಕೆ ಒಂದು ಬಣ್ಣ ಇನ್ನರ್ಧಕ್ಕೆ ಒಂದು ಬಣ್ಣ ಬಂದು ಎಡಿಟಿಂಗಲ್ಲಿ ಸಾಯ್ತೀರ. ಐಎಸ್ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ಸೆಟ್ಟಿಂಗ್) 3200, 6400 ಹೋಗ್ಲಿ, ಅದರಿಂದ ಬರೋ ಕಾಳು ಕಾಳಾದ ಗ್ರೇನ್ ನೋಡಿ ಯಾವ ಅಜ್ಜಿನೂ ಬೇಜಾರು ಮಾಡ್ಕೊಳ್ಳಲ್ಲ. ಒಂದು ವಿಷಯ ನೆನಪಿರ್ಲಿ, ರೆಡ್ ಆಕ್ಸೈಡ್ ನೆಲದ ಮೇಲೆ ಬಿಸಿಲು ಬಿದ್ದಿದ್ರೆ ಆ ಕೆಂಪು ಗಲ್ಲದ ಕೆಳಗೆ ಬಂದು ಕೂರುತ್ತೆ, ಅಡಿಕೆ ತೋಟದೊಳಗೆ ಹೋದ್ರೆ ಮುಖಕ್ಕೆ ಹಸಿರು ಹತ್ತುತ್ತೆ, ಅದನ್ನ ಪೂರ್ತಿ ತೆಗೀಬೇಕಾ ಸ್ವಲ್ಪ ಉಳಿಸ್ಬೇಕಾ ಅನ್ನೋದು ನಿಮ್ಮ ತೀರ್ಮಾನ. ನಾನು ನೆಲದ ಕೆಂಪನ್ನ ಸ್ವಲ್ಪ ಉಳಿಸ್ತೀನಿ, ಹಸಿರು ಪೂರ್ತಿ ತೆಗೀತೀನಿ.

ಹೋದ ತಕ್ಷಣ ಕ್ಯಾಮೆರಾ ತೆಗೀಬೇಡಿ. ಕಾಫಿ ಕೊಡ್ತಾರೆ, ಕುಡೀರಿ. ಕುಡೀತಾ ನಾನು ಮನೆಯವರಿಗೆಲ್ಲ ಒಂದೊಂದಾಗಿ ಕೇಳೋದು ಒಂದೇ ಪ್ರಶ್ನೆ, ಈ ಮನೇಲಿ ನಿಮ್ಮ ಜಾಗ ಯಾವುದು? ಮೊದಲು ನಗ್ತಾರೆ, ಎಲ್ಲಾ ನಮ್ಮದೇ ಅಲ್ವಾ ಅಂತಾರೆ. ಆಮೇಲೆ ಹೇಳ್ತಾರೆ ನೋಡಿ. ಅಜ್ಜಂದು ಜಗಲಿಯ ಈಸಿ ಚೇರು, ಅದು ಎಲ್ಲರೂ ಹೇಳೋದೇ. ಒಬ್ಬ ಸೊಸೆ ಬಚ್ಚಲು ಒಲೆ ಹತ್ರದ ಮೆಟ್ಟಿಲು ಅಂದ್ರು, ಬೆಳಿಗ್ಗೆ ನೀರು ಕಾಯೋವರೆಗೂ ಅಲ್ಲಿ ಕೂತ್ರೆ ಯಾರೂ ಕರೆಯಲ್ಲ ಅಂತ. ಅಷ್ಟು ವರ್ಷ ಜೊತೇಲಿದ್ದ ಅವರ ಯಜಮಾನರಿಗೇ ಅದು ಗೊತ್ತಿರ್ಲಿಲ್ಲ. ಅಲ್ಲಿ ಅವರನ್ನ ಕೂರಿಸಿ ತೆಗೆದ ಫೋಟೋಗೆ ಪೋಸ್ ಹೇಳಿಕೊಡೋ ಅವಶ್ಯಕತೆನೇ ಬರ್ಲಿಲ್ಲ.

ಮನೆ ಫೋಟೋ ಜೊತೆಗೆ ಇನ್ನೊಂದು ಬೇಕು, ಯಾರೂ ದುಡ್ಡು ಕೊಡದ ಒಂದು ಕೆಲಸ. ಪರ್ಸನಲ್ ಪ್ರಾಜೆಕ್ಟ್ ಅಂದ ತಕ್ಷಣ ಲಡಾಖ್, ವಾರಣಾಸಿ ಅಂತ ಹೊರಡೋರಿದಾರೆ, ನಂಗೆ ಅದು ಟೂರ್ ಥರ ಕಾಣುತ್ತೆ. ಬೈಕಲ್ಲಿ ಹೋಗಿ ಸಂಜೆ ವಾಪಸ್ ಬರೋ ಹಾಗಿರ್ಬೇಕು, ಬೇಜಾರಾಗೋವರೆಗೂ ಅದನ್ನೇ ತೆಗೀಬೇಕು, ಬೇಜಾರಾದ ಮೇಲೂ ತೆಗೀಬೇಕು, ಯಾಕಂದ್ರೆ ಗೊತ್ತಿರೋ ಟ್ರಿಕ್ಕೆಲ್ಲ ಖಾಲಿ ಆದ ಮೇಲೇನೇ ಬೇರೆ ಥರ ನೋಡೋಕೆ ಶುರು ಮಾಡ್ತೀರ. ಮೈಸೂರಿನ ಟಿ.ಎಸ್. ಸತ್ಯನ್ ಅವರ ಫೋಟೋಗಳು ಎಲ್ಲಾದ್ರೂ ಸಿಕ್ರೆ ನೋಡಿ. ಪತ್ರಿಕೆ ಕೆಲಸ ಮಾಡ್ಕೊಂಡೇ ಬದುಕಿದೋರು, 1977ರಲ್ಲಿ ಪದ್ಮಶ್ರೀ ಬಂತು, ಆದ್ರೆ ಇವತ್ತಿಗೂ ಜನ ನೆನೆಸಿಕೊಳ್ಳೋದು ಅವರು ತೆಗೆದ ಮಕ್ಕಳು, ಬೀದಿಯ ಸಾಮಾನ್ಯ ಜನರ ಚಿತ್ರಗಳನ್ನ.

ನನ್ನ ಪ್ರಾಜೆಕ್ಟು ಗೋಡೆ ಫೋಟೋಗಳು. ಹಳ್ಳಿ ಮನೆ ಪಡಸಾಲೇಲಿ ಕಟ್ಟು ಹಾಕಿಸಿ ಸಾಲಾಗಿ ನೇತು ಹಾಕಿರ್ತಾರಲ್ಲ, ಅಜ್ಜ ಅಜ್ಜಿ ಮದುವೆಯಾದ ಹೊಸದರಲ್ಲಿ ಪೇಟೆ ಸ್ಟುಡಿಯೋಗೆ ಹೋಗಿ ತೆಗೆಸಿದ್ದು, ಹಿಂದೆ ಅರಮನೆ ಮೆಟ್ಟಿಲಿನ ಪರದೆ, ಪಕ್ಕದಲ್ಲಿ ಸ್ಟ್ಯಾಂಡ್ ಮೇಲೆ ಪ್ಲಾಸ್ಟಿಕ್ ಹೂವು, ಕೈಗಡಿಯಾರ ಕಾಣ್ಲಿ ಅಂತ ಮಡಚಿಟ್ಟ ತೋಳು. ಆ ಫೋಟೋಲಿರೋರು ಈಗಲೂ ಇದ್ರೆ ಅವರನ್ನ ಅದೇ ಫೋಟೋ ಪಕ್ಕ ನಿಲ್ಲಿಸಿ ತೆಗೀತೀನಿ. ಟೆಕ್ನಿಕಲ್ ತಲೆನೋವು ಗಾಜಿನದ್ದು, ಎದುರಿನ ಬಾಗಿಲು ಪೂರ್ತಿ ಅದರಲ್ಲಿ ಕಾಣುತ್ತೆ, ಸ್ವಲ್ಪ ಓರೆಯಾಗಿ ನಿಲ್ಬೇಕು, ಇಲ್ಲ ನಿಮ್ಮ ಬೆನ್ನ ಹಿಂದೆ ಕರಿ ಕಂಬಳಿ ಹಿಡಿಸ್ಬೇಕು. ಮಲ್ನಾಡ್ ಥಂಡಿಗೆ ಎಷ್ಟೋ ಪ್ರಿಂಟು ಗಾಜಿಗೇ ಅಂಟಿಕೊಂಡಿರುತ್ತೆ, ದಯವಿಟ್ಟು ಅದನ್ನ ಕಿತ್ತು ಸ್ಕ್ಯಾನ್ ಮಾಡೋಕೆ ಹೋಗ್ಬೇಡಿ, ಚಿತ್ರ ಗಾಜಲ್ಲೇ ಉಳ್ಕೊಂಡು ಬರೀ ಕಾಗದ ಕೈಗೆ ಬರುತ್ತೆ. ಗಾಜಿನ ಮೇಲಿಂದಾನೇ ಕಾಪಿ ತೆಗೀರಿ.

ಇದನ್ನ ಮಾಡ್ತಾ ಮಾಡ್ತಾ ಆಲೂರು ಕಡೆ ಒಬ್ಬ ಅಜ್ಜಿಗೆ ನಾನು ತೆಗೆದ ಹೊಸ ಫೋಟೋ ತೋರಿಸಿದೆ. 85 ಎಂಎಂ ಲೆನ್ಸು, ಹಿಂದೆ ಎಲ್ಲಾ ಬ್ಲರ್, ಸುಕ್ಕು ಒಂದೊಂದೂ ಶಾರ್ಪ್, ನಮ್ಮ ಫೋಟೋಗ್ರಫಿ ಗ್ರೂಪಲ್ಲಿ ಹಾಕಿದ್ರೆ ಬೆಂಕಿ ಗುರು ಅಂತ ಕಮೆಂಟ್ ಬೀಳೋ ಥರದ್ದು. ಅಜ್ಜಿ ಹಿಂದೆ ಮುಂದೆ ತಿರುಗಿಸಿ ನೋಡಿ, "ಕಾಲೇ ಇಲ್ವಲ್ಲಪ್ಪಾ, ಸೀರೆ ಅಂಚೂ ಕಾಣಲ್ಲ, ಮನೆನೂ ಕಾಣಲ್ಲ, ಎಲ್ ನಿಂತಿದ್ದೆ ಅಂತ ಯಾರಿಗ್ ಗೊತ್ತಾಗ್ಬೇಕು?" ಅಂದ್ರು. ಅವರ ಗೋಡೆ ಮೇಲಿನ ಫೋಟೋ ನೋಡಿದ್ರೆ ಎಲ್ಲದರಲ್ಲೂ ತಲೆಯಿಂದ ಕಾಲಿನವರೆಗೆ, ನೇರ ಕ್ಯಾಮೆರಾ ನೋಡ್ತಾ, ನಗು ಇಲ್ದೆ. ನಾವು ಅದನ್ನ ಹಳೇ ಕಾಲದ ಪೋಸ್ ಅಂತೀವಿ, ಅವರಿಗೆ ಅದು ಒಳ್ಳೆ ಬಟ್ಟೆ ಹಾಕ್ಕೊಂಡು ಪೇಟೆವರೆಗೂ ಹೋಗಿ ಮಾಡಿದ ಒಂದು ಮುಖ್ಯವಾದ ಕೆಲಸ. ಮನೆಗೆ ಬಂದು ನನ್ನ ಫ್ಯಾಮಿಲಿ ಫೋಟೋಗಳನ್ನ ತೆಗೆದು ನೋಡಿದ್ರೆ, ನಂಗೆ ಇಷ್ಟ ಆಗಿ ಎತ್ತಿಟ್ಟಿದ್ದವುಗಳಲ್ಲೂ ಸುಮಾರು ಅಂಥವೇ. ಜನ ಸುಮ್ನೆ ನಿಂತು ನನ್ನ ಕಡೆ ನೋಡ್ತಿರೋದು, ಸುತ್ತ ಅವರ ಬಾಗಿಲು, ನೆಲ, ಚಪ್ಪಲಿ ಎಲ್ಲಾ ಇರೋದು. ಎಲ್ಲರೂ ಕ್ಯಾಂಡಿಡ್ ಕ್ಯಾಂಡಿಡ್ (ಪೋಸ್ ಇಲ್ದೆ ತೆಗೆಯೋ ಫೋಟೋ) ಅಂತಿರೋ ಹೊತ್ತಲ್ಲಿ ನಂಗೆ ಇಷ್ಟ ಆಗೋದು ಅದರ ಉಲ್ಟಾ ಅಂತ ಗೊತ್ತಾಗಿದ್ದು ಹಾಗೆ. ಈಗ ನನ್ನ ಕೆಲಸ ಅಂದ್ರೆ ಅದೇ, 35 ಎಂಎಂ ಲೆನ್ಸು, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 5.6, ಹಿಂದೆ ಏನಿದೆ ಅಂತ ಕಾಣೋ ಹಾಗೆ, ಕಾಲು ಕಟ್ ಆಗದ ಹಾಗೆ.

ನಿಮ್ಮದು ಇದೇ ಆಗ್ಬೇಕು ಅಂತೇನಿಲ್ಲ, ಆಗೋದೂ ಬೇಡ. ನಿಮ್ಮದು ಏನು ಅಂತ ಹುಡುಕೋಕೆ ಎರಡು ಕೆಲಸ ಮಾಡಿ. ಫೋಟೋ ಎಡಿಟ್ ಮಾಡೋ ಲೈಟ್‌ರೂಮ್ ಕ್ಲಾಸಿಕ್ ಸಾಫ್ಟ್‌ವೇರಲ್ಲಿ ಲೈಬ್ರರಿ ಫಿಲ್ಟರ್ ಒಳಗೆ ಮೆಟಾಡೇಟಾ ಅಂತ ಇದೆ, ಅದರಲ್ಲಿ ಫೋಕಲ್ ಲೆಂತ್ (ಲೆನ್ಸ್ ಎಷ್ಟು ಎಂಎಂ ಅಂತ) ಹಾಕಿ ನಿಮಗೆ ನಿಜವಾಗ್ಲೂ ಇಷ್ಟ ಆಗಿ ಸ್ಟಾರ್ ಕೊಟ್ಟ ಫೋಟೋಗಳು ಯಾವ ಲೆನ್ಸಲ್ಲಿ ಬಂದಿವೆ ನೋಡಿ, 70-200 ಜೂಮ್ ಲೆನ್ಸ್ ಇಲ್ದೆ ಬದುಕೇ ಇಲ್ಲ ಅಂತಿದ್ದವರಿಗೂ ಅಲ್ಲಿ ಬೇರೆ ನಂಬರ್ ಕಾಣೋದುಂಟು. ಎರಡನೇದು, ಕ್ಲೈಂಟ್ ಬೇಡ ಅಂದಿದ್ದನ್ನೂ ಸೇರಿಸಿ ಒಂದಷ್ಟನ್ನ ಲ್ಯಾಬಲ್ಲಿ 4x6 ಸೈಜಲ್ಲಿ ಪ್ರಿಂಟ್ ಹಾಕಿಸಿ ನೆಲದ ಮೇಲೆ ಹರಡಿ. ಸ್ಕ್ರೀನಲ್ಲಿ ಒಂದೊಂದೇ ನೋಡೋದು ಬೇರೆ, ಎಲ್ಲಾ ಒಟ್ಟಿಗೆ ನೋಡೋದು ಬೇರೆ. ಫೋಟೋಗ್ರಫಿ ಗೊತ್ತಿಲ್ಲದ ಒಬ್ಬರನ್ನ ಕರೆದು, ಹೆಂಡ್ತಿನೋ ತಂಗಿನೋ ಯಾರಾದ್ರೂ ಆಗ್ಲಿ, ಒಂದೇ ಥರ ಕಾಣೋದನ್ನ ಒಟ್ಟಿಗೆ ಇಡು ಅನ್ನಿ. ಅವರು ಮಾಡೋ ಗುಂಪು ನಾವು ಅಂದುಕೊಂಡಿದ್ದಲ್ಲ. ನಿಮಗೆ ಕೈಗಳು ಇಷ್ಟ ಇರಬಹುದು, ಬೆನ್ನು ಹಾಕಿ ನಿಂತವರು ಇಷ್ಟ ಇರಬಹುದು, ಊಟದ ಪಂಕ್ತಿ ಮುಗಿದ ಮೇಲಿನ ಗಜಿಬಿಜಿ ಇರಬಹುದು.

ಹೊಟ್ಟೆಪಾಡು ಏನು ಅಂತ ಕೇಳ್ತೀರ, ಗೊತ್ತು. ಮದುವೆ ಕೆಲಸ ಬಿಡೋದು ಬೇಡ, ಡ್ರೋನು, ಡಿಸೈನ್ ಮಾಡಿ ಪ್ರಿಂಟ್ ಹಾಕೋ ಕರಿಜ್ಮಾ ಆಲ್ಬಂ, ಕೇಳಿದ್ದೆಲ್ಲ ಕೊಡಿ. ಆದ್ರೆ ಬುಕಿಂಗ್ ಮಾಡೋವಾಗಲೇ ಹೇಳಿಬಿಡಿ, ಚಪ್ಪರದ ದಿನ ಇಲ್ಲ ಹಿಂದಿನ ದಿನ ಮನೇಲಿ ನಂಗೆ ಒಂದು ಗಂಟೆ ಬೇಕು, ಅದಕ್ಕೆ ಎಕ್ಸ್ಟ್ರಾ ದುಡ್ಡು ಇಲ್ಲ, ಆದ್ರೆ ಆ ಒಂದು ಗಂಟೆ ನಾನು ಹೇಳಿದ ಹಾಗೆ ಅಂತ. ಅದರಲ್ಲಿ ಒಂದನ್ನ 12x18 ಪ್ರಿಂಟ್ ಹಾಕಿ ಕಟ್ಟು ಹಾಕಿಸಿ ಕೊಡಿ, ಪೆನ್ ಡ್ರೈವ್ ಅಲ್ಲ. ಪೆನ್ ಡ್ರೈವ್ ಬೀರು ಸೇರುತ್ತೆ, ಕಟ್ಟು ಹಾಕಿದ್ದು ಪಡಸಾಲೇಲಿ ಇರುತ್ತೆ, ಮನೆಗೆ ಬಂದ ನೆಂಟರು ಯಾರು ತೆಗೆದಿದ್ದು ಅಂತ ಕೇಳೋದು ಅದನ್ನೇ. ನಂಗೆ ಫ್ಯಾಮಿಲಿ ಕೆಲಸ ಬರೋದು ಹೆಚ್ಚಾಗಿ ಹೀಗೇನೇ, ಇನ್‌ಸ್ಟಾಗ್ರಾಂನಿಂದ ಕಮ್ಮಿ. ಆ ಒಂದು ಗಂಟೆ ಬೇಡ ಅಂದೋರಿಗೆ ಬಲವಂತ ಮಾಡ್ಬೇಡಿ, ಅವರಿಗೆ ಅವರು ಕೇಳಿದ ಆಲ್ಬಂನೇ ನೀಟಾಗಿ ಮಾಡಿ ಕೊಡಿ, ಆದ್ರೆ ಅದನ್ನ ನಿಮ್ಮ ಪೇಜಿಗೆ ಮಾತ್ರ ಹಾಕ್ಬೇಡಿ, ಯಾಕಂದ್ರೆ ಪೇಜಲ್ಲಿ ಏನು ಕಾಣುತ್ತೋ ಮುಂದಿನವರು ಅದನ್ನೇ ಕೇಳ್ಕೊಂಡು ಬರ್ತಾರೆ.